ಪ್ರತಿ ಸಲ ಯಾರನ್ನೋ ಕರೆಯದೇ: ಸಹಾಯಕ ನಾಯಿಗಳ ಬಗ್ಗೆ ಧಾರವಾಡದಲ್ಲಿ ಆಡಿದ ಮಾತು

(ಧಾರವಾಡದಲ್ಲಿ ವಿಕಲಚೇತನರು, ಅವರ ಮನೆಯವರು, ಒಂದಷ್ಟು ಕಾಲೇಜು ಹುಡುಗರು ಸೇರಿದ್ದ ಸಭೆಯಲ್ಲಿ ಮಾತಾಡಿದ್ದಿದು. ಬರೆದು ಕೊಡಿ ಅಂತ ಹಲವರು ಕೇಳಿದರು. ಆದಷ್ಟು ಆಡಿದ ಹಾಗೇ ಇಟ್ಟಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಫಿಸಿಯೋಥೆರಪಿಸ್ಟ್. ಹುಬ್ಬಳ್ಳಿ, ಧಾರವಾಡ, ನವಲಗುಂದ, ಗದಗ ಕಡೆ ಮನೆಗಳಿಗೇ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಹುಣಸೆ ಗಿಡದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ರೈತರು, ಚಿಕ್ಕಂದಿನಲ್ಲೇ ಪೋಲಿಯೋ ಆದವರು, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹತೋಟಿಗೆ ಬಾರದ ಸ್ಥಿತಿ) ಇರುವ ಮಕ್ಕಳು, ಲಕ್ವಾ ಹೊಡೆದ ಹಿರಿಯರು. ಈ ಮನೆಗಳಲ್ಲೆಲ್ಲ ನಾನು ಕೇಳುವ ಮಾತು ಒಂದೇ. "ಅವ್ವಾ, ಸ್ವಲ್ಪ ಬಾ ಇಲ್ಲೆ." "ತಮ್ಮಾ, ಫೋನ್ ಬಿದ್ದೈತಿ, ತಗದು ಕೊಡೋ." "ಯಾರದೀರಿ, ಲೈಟ್ ಹಾಕ್ರಿ." ದಿನಕ್ಕೆ ಎಷ್ಟು ಸಲ ಹೀಗೆ ಕರೆಯುತ್ತೀರಿ ಅಂದರೆ ಯಾರಿಗೂ ಲೆಕ್ಕ ಗೊತ್ತಿರುವುದಿಲ್ಲ. ಆದರೆ ಕರೆಯದೇ ಸುಮ್ಮನೆ ಕೂತದ್ದು ಮಾತ್ರ ಎಲ್ಲರಿಗೂ ನೆನಪಿರುತ್ತದೆ. ಸೊಸೆ ಈಗಷ್ಟೇ ಕೂತಿದ್ದಾಳೆ, ಮತ್ತೆ ಎಬ್ಬಿಸೋದು ಬೇಡ ಅಂತ ಬೆವರುತ್ತಾ ಕೂತದ್ದು. ಬಾಯಾರಿದರೂ ನೀರು ಕೇಳದೇ ಇದ್ದದ್ದು. ಈ ನೀರು ಕೇಳದೇ ಇರೋದು ಸಣ್ಣ ವಿಷಯ ಅಲ್ಲ. ಬೆನ್ನುಹುರಿಗೆ ಪೆಟ್ಟಾದವರು ನೀರು ಕಡಿಮೆ ಕುಡಿದರೆ ಮೂತ್ರದ ಸೋಂಕು, ಕಲ್ಲು ಎಲ್ಲ ಬೇಗ ಶುರುವಾಗುತ್ತೆ. ಸಂಕೋಚ ಕೊನೆಗೆ ಆಸ್ಪತ್ರೆ ತನಕ ಒಯ್ಯುತ್ತೆ.

ಸಹಾಯಕ ನಾಯಿ ಅಂದರೆ ವಿಕಲಚೇತನರಿಗೆ ನೆರವಾಗಲಿಕ್ಕೆ ಅಂತಲೇ ತರಬೇತಿ ಕೊಟ್ಟ ನಾಯಿ. ಅದು ಮಾಡುವ ದೊಡ್ಡ ಕೆಲಸ ಈ ಕರೆಗಳನ್ನು ಕಡಿಮೆ ಮಾಡೋದು. ಪ್ರೀತಿ, ಜೊತೆ, ಸಮಾಧಾನ ಎಲ್ಲ ಇದ್ದೇ ಇದೆ, ಆದರೆ ಅದನ್ನು ಮನೆಯಲ್ಲಿ ಸಾಕಿದ ಯಾವ ನಾಯಿಯೂ ಕೊಡುತ್ತೆ. ಇಂಥ ನಾಯಿಯ ವಿಡಿಯೋಗಳನ್ನು ನಾವೆಲ್ಲ ನೋಡಿ "ಎಷ್ಟು ಮುದ್ದಾಗಿದೆ" ಅಂತೀವಿ ಅಲ್ವಾ, ನನಗೆ ಅಲ್ಲಿ ಕಾಣೋದೇ ಬೇರೆ. ಆ ವೀಲ್‌ಚೇರ್ ಮೇಲಿನ ಮನುಷ್ಯ ಬಿದ್ದ ಪೆನ್ನಿಗಾಗಿ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅದು ಕಾಣುತ್ತೆ.

ಏನೇನು ಮಾಡುತ್ತೆ ಅಂತ ಕೇಳಿದಿರಿ. ಬಿದ್ದ ವಸ್ತು ಎತ್ತಿ ತೊಡೆ ಮೇಲೆ ಇಡುತ್ತೆ. ಹಗ್ಗ ಕಟ್ಟಿದ ಬಾಗಿಲನ್ನು, ಫ್ರಿಜ್ಜನ್ನು, ಕಪಾಟನ್ನು ಎಳೆದು ತೆರೆಯುತ್ತೆ, ಮೂತಿಯಿಂದ ತಳ್ಳಿ ಮುಚ್ಚುತ್ತೆ. ಸ್ವಿಚ್ ಒತ್ತುತ್ತೆ. ಕಾಲಿನ ಸಾಕ್ಸ್ ತುದಿ ಹಿಡಿದು ನಿಧಾನಕ್ಕೆ ಎಳೆಯುತ್ತೆ, ಸ್ವೆಟರಿನ ತೋಳು ಬಿಡಿಸುತ್ತೆ. ಫುಟ್‌ರೆಸ್ಟ್‌ನಿಂದ ಜಾರಿದ ಕಾಲನ್ನು ಮೂತಿಯಿಂದ ಮತ್ತೆ ಮೇಲಕ್ಕೆ ತಳ್ಳುತ್ತೆ. ಮನುಷ್ಯ ಬಿದ್ದರೆ ಫೋನ್ ತಂದು ಕೊಡುತ್ತೆ, ಇಲ್ಲಾ ಇನ್ನೊಂದು ಕೋಣೆಯಲ್ಲಿ ಇರುವವರನ್ನು ಬೊಗಳಿ ಕರೆಯುತ್ತೆ. ಈ ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಒಬ್ಬರೇ ಇದ್ದಾಗ ಬಿದ್ದು, ಫೋನು ಮಂಚದ ಕೆಳಗೆ ಸರಿದು ಹೋಗಿ, ಮನೆಯವರು ಹೊಲದಿಂದ ಬರುವ ತನಕ ನೆಲದ ಮೇಲೇ ಇದ್ದವರನ್ನು ನಾನು ಕಂಡಿದ್ದೇನೆ. ಅವರಿಗೆ ಆದ ಗಾಯಕ್ಕಿಂತ ಆ ಹೊತ್ತಿನ ಭಯ ಜಾಸ್ತಿ ದಿನ ಉಳಿಯಿತು.

ಈ ನಾಯಿಗಳಿಗೆ ದೈವದತ್ತ ಬುದ್ಧಿ ಏನೂ ಇರಲ್ಲ. ಎಲ್ಲ ಕಲಿಸಿದ್ದು. ಹೇಗೆ ಕಲಿಸ್ತಾರೆ ಅನ್ನೋದನ್ನ ಒಂದೇ ಕೆಲಸ ಇಟ್ಟುಕೊಂಡು ಹೇಳುತ್ತೇನೆ. ಬಿದ್ದ ಚಮಚ ಎತ್ತಿ ಕೊಡೋದು.

ಸಾಮಾನ್ಯವಾಗಿ ನಾಯಿಗಳಿಗೆ ಬಾಯಲ್ಲಿ ಲೋಹ ಹಿಡಿಯೋದು ಅಂದರೆ ಇಷ್ಟ ಆಗಲ್ಲ. ನಮ್ಮ ಮನೆಗಳಲ್ಲಿ ನೋಡಿದರೆ ಎಲ್ಲಾ ಸ್ಟೀಲೇ. ಲೋಟ ಸ್ಟೀಲು, ಸೌಟು ಸ್ಟೀಲು, ಬೀಗದ ಕೈ ಕಬ್ಬಿಣ. ಹಾಗಾಗಿ ಮೊದಲು ಬಟ್ಟೆಯ ಸುರುಳಿಯಿಂದ ಶುರು ಮಾಡ್ತಾರೆ. ನಾಯಿ ಅದನ್ನು ಮೂಸಿದ ಕ್ಷಣಕ್ಕೆ "ಹೂಂ" ಅಂತ ಒಂದು ಶಬ್ದ, ಕೂಡಲೇ ತಿನ್ನಲಿಕ್ಕೆ ಒಂದು ಚೂರು. ಆ ಶಬ್ದ ಸರಿಯಾದ ಕ್ಷಣಕ್ಕೇ ಬೀಳಬೇಕು, ತಡವಾದರೆ ನಾಯಿ ಬೇರೇನನ್ನೋ ಕಲಿಯುತ್ತೆ. ಆಮೇಲೆ ಬಾಯಿ ಹಾಕಿದರೆ ಮಾತ್ರ ಚೂರು. ಆಮೇಲೆ ಒಂದು ಸೆಕೆಂಡ್ ಹಿಡಿದರೆ, ಮೂರು ಸೆಕೆಂಡ್ ಹಿಡಿದರೆ. ನಂತರ ತೊಡೆ ಮೇಲೆ ಬಿಡೋದು. ನೆಲದಿಂದ ಎತ್ತೋದು ಕಟ್ಟಕಡೆಗೆ. ಅಂದರೆ ಕೆಲಸವನ್ನು ಹಿಂದಿನಿಂದ ಮುಂದಕ್ಕೆ ಕಲಿಸ್ತಾರೆ, ಹಾಗೆ ಮಾಡಿದರೆ ನಾಯಿ ಯಾವಾಗಲೂ ತನಗೆ ಗೊತ್ತಿರುವ ಕಡೆಗೇ ಹೋಗ್ತಾ ಇರುತ್ತೆ, ನಡುವೆ ಗಾಬರಿಯಾಗಿ ನಿಲ್ಲಲ್ಲ. ಇಷ್ಟಾದ ಮೇಲೆ ಚಮಚಕ್ಕೆ ಪೂರ್ತಿ ಬಟ್ಟೆ ಸುತ್ತಿ ಕೊಡೋದು. ದಿನದಿಂದ ದಿನಕ್ಕೆ ಬಟ್ಟೆ ಕಡಿಮೆ. ಕೊನೆಗೆ ಬರೀ ಸ್ಟೀಲು. ಬೈಗುಳ ಇಲ್ಲ, ಹೊಡೆತ ಇಲ್ಲ. ಹೊಡೆದು ಕಲಿಸಿದ ನಾಯಿ ಹೆದರಿಕೆಯಿಂದ ತಂದು ಕೊಡಬಹುದು, ಆದರೆ ನೀವು ಬಿದ್ದು ಒದ್ದಾಡುವಾಗ ಹತ್ತಿರ ಬರುತ್ತೆ ಅನ್ನೋ ನಂಬಿಕೆ ನನಗಿಲ್ಲ.

ಒಬ್ಬ ತಾಯಿ ಕೇಳಿದರು, ನಾಯಿಗೆ ಇಂಗ್ಲಿಷ್‌ನಲ್ಲೇ ಹೇಳಬೇಕಾ ಅಂತ. ಇಲ್ಲ ಅಕ್ಕಾರ. ನಾಯಿ ಕೇಳೋದು ಸದ್ದು. "ಹಿಡಿ", "ಎಳಿ", "ಬಿಡು", "ಕೊಡು" ಎಲ್ಲಾ ನಡೆಯುತ್ತೆ. ಒಂದೇ ಎಚ್ಚರ: "ಬಾ" ಮತ್ತು "ತಾ" ಎರಡನ್ನೂ ಇಟ್ಟುಕೊಳ್ಳಬೇಡಿ, ದೂರದಿಂದ ಒಂದೇ ಥರ ಕೇಳುತ್ತೆ. ಮಾತು ತೊದಲುವ ಮಕ್ಕಳಿದ್ದರೆ ಅವರಿಗೆ ಸಲೀಸಾಗಿ ಬರುವ ಸದ್ದನ್ನೇ ಆರಿಸಿ. ಮನೆಮಂದಿಯೆಲ್ಲ ಅದೇ ಸದ್ದು ಬಳಸಬೇಕು. ಮತ್ತೆ, ಚೂರು ಅಂದರೆ ಬೇಯಿಸಿದ ಕೋಳಿಯೋ ಗಜ್ಜರಿಯೋ ಚಿಕ್ಕದಾಗಿ ಹೆಚ್ಚಿದ್ದು. ಪ್ರೀತಿಗೆ ಪೇಢಾ ಹಾಕಬೇಡಿ. ಚಾಕಲೇಟು, ಒಣದ್ರಾಕ್ಷಿ, ಉಳ್ಳಾಗಡ್ಡಿ ನಾಯಿಗೆ ವಿಷ.

ಈ ಯೋಚನೆ ತುಂಬ ಹಳೆಯದೇನಲ್ಲ. ಕಣ್ಣು ಕಾಣದವರಿಗೆ ದಾರಿ ತೋರಿಸುವ ನಾಯಿಗಳ ಶಾಲೆ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ 1916ರಲ್ಲಿ ಶುರುವಾಯಿತು, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ. ಆದರೆ ಕೈಕಾಲು ಆಡದವರಿಗೂ ನಾಯಿ ಸಹಾಯ ಮಾಡಬಹುದು ಅನ್ನೋದು ಗಟ್ಟಿಯಾಗಲು 1975 ಬರಬೇಕಾಯಿತು. ಬೊನಿಟಾ ಬರ್ಗಿನ್ ಅನ್ನುವ ಮಹಿಳೆ ಏಷ್ಯಾದಲ್ಲಿ ಓಡಾಡುವಾಗ, ಅಂಗವಿಕಲರು ಕತ್ತೆಗಳ ಆಸರೆಯಲ್ಲಿ ನಡೆದು, ಅವುಗಳ ಮೇಲೆ ಸಾಮಾನು ಹೇರಿ ತಮ್ಮ ಜೀವನ ತಾವೇ ಮಾಡಿಕೊಳ್ಳುವುದನ್ನು ನೋಡಿದ್ದರು. ಅಮೆರಿಕಕ್ಕೆ ಹಿಂತಿರುಗಿ ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ ನಾಯಿಗಳನ್ನು ತಯಾರು ಮಾಡುವ ಸಂಸ್ಥೆ ಕಟ್ಟಿದರು. ನಮ್ಮ ಕಡೆಯ ಜಗತ್ತಿನಲ್ಲಿ ಬಡವರು ತಾವೇ ಕಂಡುಕೊಂಡಿದ್ದ ದಾರಿ ಅಲ್ಲಿ ಹೋಗಿ ಬೇರೆ ರೂಪ ಪಡೆಯಿತು. ನನಗೆ ಇದು ತುಂಬ ಇಷ್ಟವಾದ ವಿಷಯ.

ಉಪಯೋಗ ಎಷ್ಟು ಅಂತ ಅಳೆದವರೂ ಇದ್ದಾರೆ. 1996ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 48 ಜನರ ಮೇಲೆ ಮಾಡಿದ ಅಧ್ಯಯನ ಬಂತು. ಅರ್ಧ ಜನರಿಗೆ ಬೇಗ ನಾಯಿ ಕೊಟ್ಟು, ಉಳಿದರ್ಧಕ್ಕೆ ಒಂದು ವರ್ಷ ತಡವಾಗಿ ಕೊಟ್ಟು ಹೋಲಿಸಿದರು. ನಾಯಿ ಬಂದವರಿಗೆ ಸಂಬಳದ ಸಹಾಯಕರು ಬೇಕಾಗುವ ಹೊತ್ತು ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಇಳಿಯಿತು ಅಂತ ಬರೆದರು. ಇಷ್ಟು ದೊಡ್ಡ ಇಳಿಕೆಯನ್ನು ಆಮೇಲೆ ಹಲವರು ಪ್ರಶ್ನಿಸಿದ್ದಾರೆ, ನಾನೂ ಅದನ್ನು ಪೂರ್ತಿ ನಂಬಿ ಯಾರಿಗೂ ಆಸೆ ಹುಟ್ಟಿಸಲ್ಲ. ನನಗೆ ಹೆಚ್ಚು ಸರಿ ಅನ್ನಿಸಿದ್ದು 1988ರ ಇನ್ನೊಂದು ಚಿಕ್ಕ ಅಧ್ಯಯನ. ವೀಲ್‌ಚೇರ್ ಮೇಲಿದ್ದವರು ನಾಯಿ ಜೊತೆ ಹೊರಗೆ ಹೋದಾಗ ಎದುರಿಗೆ ಬರುವ ಜನ ನಕ್ಕಿದ್ದು, ಮಾತಾಡಿಸಿದ್ದು ಜಾಸ್ತಿ. ನಾಯಿ ಇಲ್ಲದವರನ್ನು ನೋಡದ ಹಾಗೆ ದಾಟಿ ಹೋದವರೇ ಜಾಸ್ತಿ. ಇದು ಅಮೆರಿಕದ ಕಥೆ ಮಾತ್ರ ಅಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅಂಗಡಿಯವರು ವೀಲ್‌ಚೇರ್ ಮೇಲೆ ಕೂತ ಗಿರಾಕಿಯನ್ನು ಬಿಟ್ಟು ಹಿಂದೆ ನಿಂತವರನ್ನು "ಇವರಿಗೆ ಏನ್ ಬೇಕ್ರಿ" ಅಂತ ಕೇಳುವುದನ್ನು ನಾವೆಲ್ಲ ನೋಡಿದ್ದೇವೆ.

ಈಗ ನಾಯಿಯಿಂದ ಆಗದೇ ಇರುವುದನ್ನೂ ಹೇಳಬೇಕು. ಮಂಚದಿಂದ ವೀಲ್‌ಚೇರಿಗೆ ನಿಮ್ಮನ್ನು ಎತ್ತಿ ಕೂರಿಸಲ್ಲ. ಸ್ನಾನ ಮಾಡಿಸಲ್ಲ. ಕೂತಲ್ಲೇ ಕೂತು ಹುಣ್ಣಾಗುತ್ತೆ ನೋಡಿ, ಅದನ್ನು ತಡೆಯಲ್ಲ, ಅದಕ್ಕೆ ಸರಿಯಾದ ಗಾದಿ ಬೇಕು, ಮೈ ಹೊರಳಿಸುವುದು ಬೇಕು. ನಾಯಿಯ ಮೈಮೇಲೆ ಭಾರ ಹಾಕಿ ಏಳೋದು ಕೂಡ ಎಲ್ಲಾ ನಾಯಿಗೂ ಆಗಲ್ಲ. ದೊಡ್ಡ ಮೈಕಟ್ಟು ಇರಬೇಕು, ಸೊಂಟದ ಕೀಲು ಗಟ್ಟಿ ಇದೆ ಅಂತ ಎಕ್ಸ್-ರೇ ತೆಗೆಸಿ ನೋಡಿರಬೇಕು, ಲ್ಯಾಬ್ರಡಾರ್‌ಗಳಲ್ಲಿ ಆ ಕೀಲಿನ ತೊಂದರೆ ಸಾಮಾನ್ಯ. ದಿನಾ ವೀಲ್‌ಚೇರ್ ಎಳೆಸೋದಂತೂ ಬೇಡವೇ ಬೇಡ. ಅದರ ಬೆನ್ನು ಹೋದರೆ ಇಬ್ಬರೂ ಹಾಸಿಗೆ ಹಿಡಿದ ಹಾಗೆ.

ಮನೆಯೂ ಬದಲಾಗಬೇಕು. ಹೊರಗಿನ ದೇಶದ ವಿಡಿಯೋದಲ್ಲಿ ಬಾಗಿಲ ಹಿಡಿಕೆ ಕೆಳಕ್ಕೆ ಒತ್ತಿದರೆ ತೆರೆಯುವಂಥದ್ದು. ನಮ್ಮದು ಚಿಲಕ. ಚಿಲಕ ತಿರುಗಿಸಿ ಸರಿಸೋದು ನಾಯಿಯಿಂದ ಆಗಲ್ಲ. ಸ್ವಿಚ್ ಬೋರ್ಡು ಎದೆಮಟ್ಟದಲ್ಲಿ, ಸಣ್ಣ ಸಣ್ಣ ಗುಂಡಿ. ಬಚ್ಚಲಿಗೆ ಹೊಸ್ತಿಲು. ಆದರೆ ಒಳಗಿನ ಬಾಗಿಲಿಗೆ ಚಿಲಕ ತೆಗೆದು ಒಂದು ಸ್ಪ್ರಿಂಗ್ ಕ್ಯಾಚು, ಒಂದು ಹತ್ತಿಹಗ್ಗ ಹಾಕಿಸೋದು ಬಡಿಗನಿಗೆ ಒಂದು ಮಧ್ಯಾಹ್ನದ ಕೆಲಸ. ದೊಡ್ಡ ಸ್ವಿಚ್ಚನ್ನು ಮೊಣಕಾಲೆತ್ತರಕ್ಕೆ ಇಳಿಸೋದು ವೈರಿಂಗ್ ಮಾಡುವವರಿಗೆ ಕಷ್ಟವಲ್ಲ. ಮತ್ತೆ ಗಮನಿಸಿ, ಇಷ್ಟು ಮಾಡಿದರೆ ಎಷ್ಟೋ ಜನರಿಗೆ ನಾಯಿಯೇ ಬೇಕಾಗಲ್ಲ, ಕೂತಲ್ಲಿಂದ ಅವರೇ ಬಾಗಿಲು ಎಳೆದುಕೊಳ್ಳುತ್ತಾರೆ. ಹಾಗಾದರೆ ಇನ್ನೂ ಒಳ್ಳೇದು! ನಾನು ಮೊದಲು ಮನೆ ನೋಡಿ, ಆಮೇಲೆ ನಾಯಿ ಯೋಚಿಸಿ ಅಂತಲೇ ಹೇಳುತ್ತೇನೆ.

ಹೊರಗೆ ಹೋಗೋದು ಇನ್ನೂ ಕಷ್ಟ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನೆಲ ನಿಲ್ದಾಣದ ಕಟ್ಟೆಯ ಮಟ್ಟಕ್ಕೇ ಬರುತ್ತೆ, ವೀಲ್‌ಚೇರ್ ಹತ್ತಬಹುದು, ಸಂತೋಷ. ಆದರೆ ಆ ನಿಲ್ದಾಣ ಇರೋದು ರಸ್ತೆಯ ನಡುವೆ. ಅಲ್ಲಿಗೆ ತಲುಪೋದು ಹೇಗೆ? ಮಳೆಗಾಲದಲ್ಲಿ ಹಳ್ಳಿ ಕಡೆ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡರೆ ನಾಯಿ ಅಲ್ಲ, ಇಬ್ಬರು ಗಂಡಸರು ತಳ್ಳಿದರೂ ಮುಂದೆ ಹೋಗಲ್ಲ. ಬೇಸಿಗೆಯಲ್ಲಿ ಡಾಂಬರು ಸುಡುತ್ತೆ. ನಿಮ್ಮ ಅಂಗೈ ಹಿಂಭಾಗವನ್ನು ರಸ್ತೆಗೆ ಇಟ್ಟು ನೋಡಿ, ಐದಾರು ಸೆಕೆಂಡ್ ತಡೆಯಲಿಕ್ಕೆ ಆಗಲಿಲ್ಲ ಅಂದರೆ ನಾಯಿಯ ಪಾದಕ್ಕೂ ಅದು ಬೇಡ. ಬೆಳಿಗ್ಗೆ ಬೇಗ, ಇಲ್ಲಾ ಸಂಜೆ. ದೀಪಾವಳಿ ಪಟಾಕಿಯ ದಿನಗಳಲ್ಲಿ ನಾಯಿಯಿಂದ ಹೊರಗಿನ ಕೆಲಸ ನಿರೀಕ್ಷೆ ಮಾಡಲೇಬಾರದು.

ಬೀದಿನಾಯಿಗಳ ವಿಷಯ ಮೂರ್ನಾಲ್ಕು ಜನ ಎತ್ತಿದರು. ನಿಜ, ನಮ್ಮ ಊರುಗಳಲ್ಲಿ ದೊಡ್ಡ ತೊಡಕು ಅದೇ. ಹಗ್ಗದಲ್ಲಿರುವ ಹೊಸ ನಾಯಿ ಕಂಡರೆ ಓಣಿಯ ನಾಯಿಗಳೆಲ್ಲ ಸುತ್ತುವರಿಯುತ್ತವೆ, ವೀಲ್‌ಚೇರ್ ಮೇಲಿದ್ದವರು ಓಡಲಾರರು, ನಾಯಿಯನ್ನು ಎತ್ತಿಕೊಳ್ಳಲಾರರು. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಮಾಡಿಸೋದು 2023ರ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಗಳ ಕೆಲಸ. ಅದನ್ನು ಕೇಳುವವರ ಸಾಲಿನಲ್ಲಿ ವಿಕಲಚೇತನರೂ ನಿಲ್ಲಬೇಕು. ನಾಯಿ ಬೇಕು ಅನ್ನುವವರಿಗೂ, ನಾಯಿ ಕಂಡರೆ ಭಯ ಅನ್ನುವವರಿಗೂ ಇದು ಬೇಕಾದದ್ದೇ.

ಇನ್ನು ಒಳಗೆ ಬಿಡುವ ಪ್ರಶ್ನೆ. ಖಾನಾವಳಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ನಾಯಿಯನ್ನು ಬಾಗಿಲಲ್ಲೇ ತಡೆದರೆ ಅದರ ಒಡೆಯನನ್ನೂ ತಡೆದ ಹಾಗೇ ಆಯಿತು. ಅಮೆರಿಕದ 1990ರ ಕಾಯ್ದೆಯಲ್ಲಿ ಇದಕ್ಕೆ ಸರಳ ವ್ಯವಸ್ಥೆ ಇದೆ. ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕಾಗಿದೆಯಾ, ಇದಕ್ಕೆ ಯಾವ ಕೆಲಸ ಕಲಿಸಿದೆ. ನಿಮ್ಮ ಕಾಯಿಲೆ ಏನು ಅಂತ ಕೇಳುವ ಹಾಗಿಲ್ಲ, ಕಾಗದ ತೋರಿಸಿ ಅನ್ನುವ ಹಾಗಿಲ್ಲ. ಆದರೆ ನಾಯಿ ಹತೋಟಿ ತಪ್ಪಿದರೆ, ಗಲೀಜು ಮಾಡಿದರೆ ಹೊರಗೆ ಕಳಿಸಬಹುದು. ಎರಡೂ ಕಡೆಯವರಿಗೂ ನ್ಯಾಯ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದಾರೆ, ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕು ಅನ್ನುವ ಮಾತೂ ಇದೆ. ಸಹಾಯಕ ನಾಯಿಗೆ ಅಂತ ಬೇರೆ ಕಲಮು ಇಲ್ಲ. ಅದು ಬರಬೇಕು. 2011ರ ಜನಗಣತಿಯಲ್ಲೇ ದೇಶದ 2.68 ಕೋಟಿ ವಿಕಲಚೇತನರಲ್ಲಿ 54 ಲಕ್ಷ ಜನ ಓಡಾಟದ ತೊಂದರೆ ಇರುವವರು. ಎಲ್ಲರಿಗೂ ನಾಯಿ ಬೇಕಿಲ್ಲ, ಆದರೆ ಬೇಕಾದವರಿಗೆ ಬಾಗಿಲಲ್ಲಿ ವಾದ ಮಾಡುವ ಗತಿ ಬರಬಾರದು.

ಸಭೆಯಲ್ಲಿ ಒಬ್ಬ ಹಿರಿಯರು, "ನಾಯಿ ಮೈಲಿಗೆ, ಒಳಗ ಹೆಂಗ ಬಿಡೋದು" ಅಂತ ನೇರವಾಗಿಯೇ ಕೇಳಿದರು. ಕೇಳಿದ್ದು ಒಳ್ಳೇದಾಯಿತು. ನಾನು ಅವರಿಗೆ ದೇವರಗುಡ್ಡ ನೆನಪು ಮಾಡಿದೆ. ನಮ್ಮ ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ಮಾಲತೇಶ ದೇವರ ಸೇವೆಗೆ ನಿಂತ ಗೊರವಯ್ಯಗಳು ಕಂಬಳಿ ಹೊದ್ದು, ದೇವರ ನಾಯಿಗಳ ಹಾಗೆ ಬೊಗಳಿ, ದೋಣಿ ಅನ್ನುವ ಪಾತ್ರೆಯಲ್ಲಿಟ್ಟ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ. ಅವರ ಕಾಲಿಗೆ ನಾವು ಬೀಳುತ್ತೇವೆ. ದೇವರ ಸೇವೆಗೆ ನಿಂತ ನಾಯಿಯ ರೂಪವನ್ನು ಕೈಮುಗಿದು ನೋಡುವ ಸೀಮೆ ನಮ್ಮದು, ಮನುಷ್ಯನ ಸೇವೆಗೆ ನಿಂತ ನಾಯಿಗೆ ಖಾನಾವಳಿಯ ಮೇಜಿನ ಕೆಳಗೆ ಮೂರಡಿ ಜಾಗ ಕೊಡೋದು ನಮಗೆ ಆಗದ ಮಾತಲ್ಲ.

ಇಂಥ ನಾಯಿ ಎದುರಿಗೆ ಸಿಕ್ಕರೆ ಮುಟ್ಟಬೇಡಿ, ಕರೆಯಬೇಡಿ, ಪಾರ್ಲೆ-ಜಿ ಹಾಕಬೇಡಿ. ಅದು ಕೆಲಸದಲ್ಲಿದೆ. ಮಾತಾಡಬೇಕು ಅನ್ನಿಸಿದರೆ ಅದರ ಮನುಷ್ಯನ ಜೊತೆ ಮಾತಾಡಿ.

ಕಾಲೇಜು ಹುಡುಗನೊಬ್ಬ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು: ನಮ್ಮ ಮುಧೋಳ ನಾಯಿ ಯಾಕಾಗಬಾರದು? 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ ಅದು, ಸೈನ್ಯದವರೂ ತರಬೇತಿ ಕೊಟ್ಟು ನೋಡಿದ್ದಾರೆ, ನಮಗೆಲ್ಲ ಅಭಿಮಾನ. ಆದರೆ ಅದರ ತಳಿಯ ಗುಣವೇ ಬೇರೆ. ಮೊಲ ಕಂಡರೆ ಕಣ್ಣಿಟ್ಟು ಬೆನ್ನಟ್ಟಲಿಕ್ಕೆ ಅಂತ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ಬೇಟೆನಾಯಿ. ಓಡುವ ಬೆಕ್ಕು ಕಂಡರೆ ಅದರ ಗಮನ ಅತ್ತಲೇ. ಹೊಸಬರ ಜೊತೆ ಅಷ್ಟಾಗಿ ಬೆರೆಯಲ್ಲ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ಗಳನ್ನು ಬೆಳೆಸಿದ್ದೇ ಗುಂಡೇಟು ತಿಂದು ಬಿದ್ದ ಹಕ್ಕಿಯನ್ನು ಗಾಯ ಮಾಡದೇ ಮೆತ್ತಗೆ ಕಚ್ಚಿ ಒಡೆಯನ ಕೈಗೆ ತಂದು ಕೊಡಲಿಕ್ಕೆ. ಫೋನ್ ತರುವ ಕೆಲಸ ಅದರ ರಕ್ತದಲ್ಲೇ ಇದೆ. ತಿನ್ನುವ ಆಸೆ ಜಾಸ್ತಿ, ಹಾಗಾಗಿ ಕಲಿಸೋದೂ ಸುಲಭ. ಕೊರತೆ ಅಂದರೆ ನಮ್ಮ ಬಿಸಿಲಿಗೆ ಅದರ ದಪ್ಪ ತುಪ್ಪಳ ಹೊಂದಲ್ಲ. ಹಾಗಂತ ಬಾಗಿಲು ಮುಚ್ಚಬೇಕಾಗಿಲ್ಲ. ತಿಮ್ಮಾಪುರದ ಮುಧೋಳ ನಾಯಿ ಸಂಶೋಧನಾ ಕೇಂದ್ರ ಇದೆ, ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಶಾಂತ ಸ್ವಭಾವದ ಮರಿಗಳನ್ನು, ನಮ್ಮ ಊರಿನ ನಾಟಿ ನಾಯಿಮರಿಗಳನ್ನೂ ಸೇರಿಸಿ, ಪರೀಕ್ಷೆ ಮಾಡಿ ನೋಡುವ ಕೆಲಸ ಇಲ್ಲೇ ನಡೆಯಬಹುದು. ಫಿಸಿಯೋಥೆರಪಿ ಕಡೆಯಿಂದ ಕೈಜೋಡಿಸಲು ನಾನಂತೂ ಸಿದ್ಧ.

ಪೂರ್ತಿ ತರಬೇತಿಯಾದ ನಾಯಿ ಸಿಗೋದು ನಮ್ಮಲ್ಲಿ ತುಂಬ ಅಪರೂಪ. ಒಂದು ನಾಯಿ ತಯಾರಾಗಲು ಸುಮಾರು ಎರಡು ವರ್ಷ ಬೇಕು. ಮರಿ ಇದ್ದಾಗ ಒಂದು ಮನೆಯಲ್ಲಿ ಬೆಳೆದು ಸಂತೆ, ಬಸ್ಸು, ಮೆಟ್ಟಿಲು, ಮಕ್ಕಳ ಗಲಾಟೆ ಎಲ್ಲಕ್ಕೂ ಒಗ್ಗಿಕೊಳ್ಳಬೇಕು, ಆಮೇಲೆ ಕೆಲಸದ ತರಬೇತಿ, ಕೊನೆಗೆ ಅದರ ಮನುಷ್ಯನ ಜೊತೆ ಕೂಡಿ ಕಲಿಯೋದು. ಅಷ್ಟು ಮಾಡಿದರೂ ಎಷ್ಟೋ ನಾಯಿಗಳು ಕೊನೆಗೆ ಈ ಕೆಲಸಕ್ಕೆ ಆಗಲ್ಲ. ಹತ್ತು ವರ್ಷದ ಆಸುಪಾಸಿಗೆ ನಿವೃತ್ತಿ ಕೊಡಬೇಕು. ಸಾಕುವ ಖರ್ಚು ಬೇರೆ: ಊಟ, ಲಸಿಕೆ, ಉಣ್ಣಿ ಹುಳದ ಔಷಧಿ. ಇದೆಲ್ಲ ಲೆಕ್ಕ ಹಾಕದೇ ಯಾರೂ ಮರಿ ತರಬೇಡಿ.

ಆದರೆ ಮನೆಯಲ್ಲಿ ಈಗಾಗಲೇ ಒಂದು ಶಾಂತ ನಾಯಿ ಇದ್ದರೆ, ಎರಡೇ ಕೆಲಸ ಕಲಿಸಿ. ಫೋನ್ ತಂದು ಕೊಡೋದು, ನೀವು ಹೇಳಿದಾಗ ಬೊಗಳಿ ಮನೆಯವರನ್ನು ಎಬ್ಬಿಸೋದು. ಮೊದಲು ಪಶುವೈದ್ಯರಿಗೆ ತೋರಿಸಿ, ಹಲ್ಲು, ಕೀಲು ಸರಿ ಇದೆಯಾ ನೋಡಿಸಿ, ರೇಬೀಸ್ ಲಸಿಕೆ ಹಾಕಿಸಿ. ಫೋನಿಗೆ ಒಂದು ದಪ್ಪ ಬಟ್ಟೆಯ ಚೀಲ ಹೊಲಿಸಿ, ಅದಕ್ಕೆ ಬಾಯಲ್ಲಿ ಹಿಡಿಯಲು ಒಂದು ಪಟ್ಟಿ. ದಿನಕ್ಕೆ ಐದೈದು ನಿಮಿಷ ಎರಡು ಸಲ ಸಾಕು, ನಾಯಿಗೆ ಬೇಜಾರಾಗುವ ಮೊದಲೇ ನಿಲ್ಲಿಸಿ. ಚೂರು ಕೊಡುವ ಕೈ ಆದಷ್ಟು ವೀಲ್‌ಚೇರ್ ಮೇಲೆ ಕೂತವರದ್ದೇ ಆಗಿರಲಿ. ಕೈ ಆಡದವರಾದರೆ ತೊಡೆ ಮೇಲೆ ಒಂದು ತಟ್ಟೆ ಇಟ್ಟು, "ಹೂಂ" ಅನ್ನೋದನ್ನ ಅವರೇ ಹೇಳಲಿ, ಚೂರು ತಟ್ಟೆಗೆ ಹಾಕುವವರು ಹಿಂದೆ ಸುಮ್ನೆ ನಿಂತಿರಲಿ. ನಾಯಿಗೆ ತನ್ನ ಮನುಷ್ಯ ಯಾರು ಅಂತ ಗೊತ್ತಾಗೋದು ಹಾಗೇ.